ಆಯಿಲ್ ಪಂಪೇ ಇಲ್ಲದ ನಮ್ಮೂರ ಜಾವಾ

ಸ್ಪೋರ್ಟ್ಸ್ ಕಾರಿನಲ್ಲಿ ಆಯಿಲ್ ಪಂಪ್ ಕೈಕೊಟ್ಟರೆ ಕೆಂಪು ದೀಪ ಹತ್ತುತ್ತದೆ. ತಕ್ಷಣ ಇಂಜಿನ್ ಆಫ್ ಮಾಡಿ, ಆಯಿಲ್ ಮಟ್ಟ ನೋಡಿ, ಗೇಜ್ ಹಾಕಿ ಒತ್ತಡ ಅಳೆಯಬೇಕು. ನಮ್ಮ ಮೈಸೂರಿನ ಜಾವಾಗೆ ಈ ತಾಪತ್ರಯವೇ ಇರಲಿಲ್ಲ. ಯಾಕೆಂದರೆ ಅದಕ್ಕೆ ಪಂಪೇ ಇರಲಿಲ್ಲ!

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಅಲ್ಲಿ ತಯಾರಾಗುತ್ತಿದ್ದದ್ದು ಜೆಕೊಸ್ಲೊವಾಕಿಯಾ ವಿನ್ಯಾಸದ 250 ಸಿಸಿ ಟೂ ಸ್ಟ್ರೋಕ್ ಬೈಕು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿ.ಲೀ. ಆ ಮಿಶ್ರಣ ಕ್ರ್ಯಾಂಕ್‌ಕೇಸ್ ಹಾದು ಹೋಗುವಾಗ ಬೇರಿಂಗು, ಪಿಸ್ಟನ್ನುಗಳಿಗೆ ಜಿಡ್ಡು ಸಿಗುತ್ತದೆ.

ಅಂದರೆ ಇಲ್ಲಿ ಸವಾರನೇ ಆಯಿಲ್ ಪಂಪು! ಅವನು ಮರೆತರೆ ಎಚ್ಚರಿಸಲು ಯಾವ ದೀಪವೂ ಇಲ್ಲ. ಎಳೆತ ಕಡಿಮೆಯಾಗುತ್ತದೆ, ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ತಕ್ಷಣ ಕ್ಲಚ್ ಹಿಡಿಯದಿದ್ದರೆ ಸವಾರ ನೆಲಕ್ಕೆ. ಆಮೇಲೆ ಸಿಲಿಂಡರ್ ಬಿಚ್ಚಿ ಗೀರು ನೋಡಬೇಕು. ಗೀರು ಆಳವಾಗಿದ್ದರೆ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಬೇಕು.

1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂತು, ಈ ಸಲ ಫೋರ್ ಸ್ಟ್ರೋಕ್, ಆಯಿಲ್ ಪಂಪ್ ಸಮೇತ. ಆದರೆ ಹಳೆಯ ಗಾಡಿಗಳನ್ನು ಇಷ್ಟು ವರ್ಷ ಉಳಿಸಿದ್ದು ಅಳತೆ ಮರೆಯದ ಸವಾರರು, ಗೀರು ನೋಡಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ಕುಗಳು. ಆ ವಿದ್ಯೆ ಮುಂದಿನವರ ಕೈಗೆ ಬರದಿದ್ದರೆ, ಬಿಡಿಭಾಗ ಸಿಕ್ಕಿಯೂ ಏನು ಪ್ರಯೋಜನ ಹೇಳಿ?