ಕೋರಂ

‘ಕೋರಂ ಆತೇನ್ರಿ?’

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಪಂಚಾಯತಿಯಾಗಲಿ ಸಹಕಾರಿ ಸಂಘವಾಗಲಿ, ಸಭೆ ಎಂದೊಡನೆ ಮೊದಲು ಕೇಳಿಬರುವ ಮಾತು ಇದು. ‘ಎಲ್ಲೀದ್ರಿ, ಇನ್ನಿಬ್ಬರು ಬರಬೇಕು’ ಎಂಬ ಉತ್ತರ ಬಂದರೆ ಚಹಾ ಇನ್ನೊಂದು ಸುತ್ತು ತಿರುಗುತ್ತದೆ. ತಾವು ಲ್ಯಾಟಿನ್ ಆಡಿದೆವೆಂಬ ಅರಿವು ಕೇಳಿದವರಿಗಿಲ್ಲ, ಹೇಳಿದವರಿಗೂ ಇಲ್ಲ.

ಲ್ಯಾಟಿನ್ನಿನಲ್ಲಿ ಇದು ನಾಮಪದವೇ ಅಲ್ಲ. ‘ಯಾರ’, ‘ಯಾರೊಳಗಿನ’ ಎಂದರ್ಥ ಕೊಡುವ ಸರ್ವನಾಮ. ಷಷ್ಠೀ ವಿಭಕ್ತಿ, ಬಹುವಚನ. ಒಂಟಿಯಾಗಿ ನಿಲ್ಲಲಾರದ ಶಬ್ದ. 14ನೆಯ ಶತಮಾನದಿಂದ ಇಂಗ್ಲೆಂಡಿನ ಅರಸರು ಪ್ರಾಂತಪ್ರಾಂತಕ್ಕೆ ಶಾಂತಿಪಾಲನೆಯ ನ್ಯಾಯಾಧೀಶರನ್ನು ನೇಮಿಸಿ ಲ್ಯಾಟಿನ್ನಿನಲ್ಲಿ ಸನದು ಕೊಡುತ್ತಿದ್ದರು. ಮೊದಲು ಎಲ್ಲರ ಹೆಸರು. ಬಳಿಕ, ಅವರೊಳಗೆ ಇಂಥಿಂಥವರಲ್ಲಿ ಒಬ್ಬರಾದರೂ ಇರತಕ್ಕದ್ದೆಂಬ ವಾಕ್ಯ. ಆ ವಾಕ್ಯದ ಮೊದಲ ಪದವೇ ಇದು. ಹಾಗೆ ಹೆಸರಿಸಲ್ಪಟ್ಟವರು ಕಾಯಿದೆ ಬಲ್ಲವರೆಂದು ಗಣಿತರಾದವರು. ಉಳಿದವರು ಎಷ್ಟೇ ಮಂದಿ ಸೇರಲಿ, ಇವರಿಲ್ಲದೆ ಮುಖ್ಯ ವಿಚಾರಣೆ ನಡೆಯುವಂತಿರಲಿಲ್ಲ.

ಕಾಲ ಕಳೆದಂತೆ ವಾಕ್ಯದ ತಲೆ ಉಳಿದು ಮೈ ಅಳಿಯಿತು. ಆ ತಲೆಯೇ ಒಂದು ಪದವಿಯ ಹೆಸರಾಯಿತು. ಷೇಕ್ಸ್‌ಪಿಯರನ ‘ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಮೊದಲ ದೃಶ್ಯದಲ್ಲೇ ಒಬ್ಬ ಬೆಪ್ಪ ತನ್ನ ಬಂಧುವಿನ ಬಿರುದುಗಳನ್ನು ಎಣಿಸುವಾಗ ‘ಕ್ವೋರಂ’ ಎನ್ನಲಾರದೆ ‘ಕೋರಂ’ ಎಂದುಬಿಡುತ್ತಾನೆ. ಅಂದಿನ ಪ್ರೇಕ್ಷಕರಿಗೆ ಅದು ನಗೆಯ ಮಾತು. ನಮ್ಮ ಉಚ್ಚಾರವೂ ಅದೇ. ನಾವು ನಾಚಬೇಕಾದ್ದಿಲ್ಲ, ಬಂದ ಶಬ್ದ ಮನೆಯ ನಾಲಗೆಗೆ ಒಗ್ಗಲೇಬೇಕು. ಆಮೇಲೆ ಹೆಸರುಗಳೂ ಹೋಗಿ ಬರಿಯ ಸಂಖ್ಯೆ ಉಳಿಯಿತು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆ ತನ್ನ ಕೋರಂ 40 ಎಂದು ಗೊತ್ತುಮಾಡಿಕೊಂಡಿತು. ಯಾವ ನಲವತ್ತು ಎಂಬ ಪ್ರಶ್ನೆ ಅಲ್ಲಿಲ್ಲ.

ಈ ಸೀಮೆಗೆ ಸಭೆ ಹೊಸದಲ್ಲ. ಇಲ್ಲಿಯ ಶಾಸನಗಳಲ್ಲಿ ಮಹಾಜನರನ್ನು ಸಂಖ್ಯೆಯಿಂದಲೇ ಕರೆಯುವ ರೂಢಿಯುಂಟು. ಆದರೆ ಅದು ಇಡೀ ಸಮೂಹದ ಹೆಸರು, ಎಷ್ಟು ಮಂದಿ ಬಂದರೆ ಸಾಕೆಂಬ ಲೆಕ್ಕವಲ್ಲ. (ಪಾನುಂಗಲ್ಲು ಅಯ್ನೂರು ಎಂಬುದಂತೂ ಸಭೆಯೇ ಅಲ್ಲ, ನಾಡಿನ ಹೆಸರು.) ‘ಇಷ್ಟಿದ್ದರೆ ಸಾಕು’ ಎಂಬ ಲೆಕ್ಕ ಬಂದದ್ದು ಇಂಗ್ಲಿಷ್ ಕಾಯಿದೆಯೊಡನೆ. 1882ರಲ್ಲಿ ರಿಪನ್ನನ ಸ್ಥಳೀಯ ಸ್ವಯಮಾಡಳಿತದ ನಿರ್ಣಯ, 1884ರಲ್ಲಿ ಮುಂಬಯಿ ಲೋಕಲ್ ಬೋರ್ಡುಗಳ ಕಾಯಿದೆ. ಆಗ ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿಯ ಊರು. ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನದು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ.

ಕನ್ನಡ ಈ ಶಬ್ದವನ್ನು ನಡೆಸಿಕೊಂಡ ಬಗೆ ಸೊಗಸಾದುದು. ಕೋರಂ ‘ಆಗುತ್ತದೆ’, ‘ತುಂಬುತ್ತದೆ’. ನಡುವೆ ಇಬ್ಬರು ಎದ್ದುಹೋದರೆ ‘ಕೆಡುತ್ತದೆ’. ‘ನೀವೇನು ಕೋರಮ್ಮಿಗೆ ಬಂದಿರೇನು?’ ಎಂದರೆ ಬಾಯಿ ಬಿಡದೆ ಕುಳಿತವನಿಗೆ ಚುಚ್ಚುಮಾತು. ಷಷ್ಠಿಯಲ್ಲಿ ಹುಟ್ಟಿದ ಪದಕ್ಕೆ ಮೇಲೊಂದು ವಿಭಕ್ತಿ! ಹಿಂದಿಯವರು ‘ಗಣಪೂರ್ತಿ’ ಎಂದು ಮಾಡಿಕೊಂಡರು. ಅರ್ಥ ತಿಳಿಯಾಗಿದೆ, ನಿಜ. ಆದರೆ ಆ ಚುಚ್ಚುಮಾತು ಅದರಲ್ಲಿ ಹುಟ್ಟಲಾರದು.

ನಮ್ಮ ಸಂವಿಧಾನ ಲೋಕಸಭೆ, ರಾಜ್ಯಸಭೆಗಳಿಗೆ ಗೊತ್ತುಮಾಡಿದ ಕೋರಂ ಒಟ್ಟು ಸದಸ್ಯರ ಹತ್ತರಲ್ಲೊಂದು ಪಾಲು. ಅದೂ ತಲೆಯೆಣಿಕೆಯೇ. ಕರ್ನಾಟಕದ ಪಂಚಾಯತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲು. ಪುಸ್ತಕದಲ್ಲಿ ಹೆಂಡತಿಯ ಸಹಿ, ಕುರ್ಚಿಯಲ್ಲಿ ಗಂಡ ಎಂಬ ದೂರು ನಾಡಿನಲ್ಲಿ ಎಲ್ಲಿ ಕೇಳಿಲ್ಲ? ಅಂಥ ಸಭೆಯಲ್ಲಿ ಎಣಿಕೆ ಸರಿಬಂದಿರುತ್ತದೆ. ಆ ಹಳೆಯ ಸನದು ಬರೆದ ಗುಮಾಸ್ತನಾಗಿದ್ದರೆ ಎಣಿಸುತ್ತಿರಲಿಲ್ಲ. ಹೆಸರು ಹಿಡಿದು ಕೂಗಿ, ಎದ್ದುನಿಂತವರು ಯಾರೆಂದು ನೋಡುತ್ತಿದ್ದ.