ದೇವ್ರನ್ನ ನಂಬ್ದೋರ ಕ್ರಿಸ್‌ಮಸ್ಸು

ದೇವ್ರಿಲ್ಲ ಅನ್ನೋರು ಹಬ್ಬ ಮಾಡಿದ್ರೆ ಜನ ನಗ್ತಾರೆ. ಕ್ರಿಸ್‌ಮಸ್ ಮಾಡಿದ್ರಂತೂ ಅನುಮಾನನೇ ಪಡ್ತಾರೆ. ನಮ್ಮನೆಯೋರು ಎಚ್. ನರಸಿಂಹಯ್ಯನೋರನ್ನ ಓದಿ ದೇವರಮನೆ ಕಡೆ ತಲೆ ಹಾಕೋದು ಬಿಟ್ಟೋರು. ಎಚ್ಚೆನ್ ನಮ್ಗೇನು ದೂರದೋರಲ್ಲ, ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನೋರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡ್ದೋರು. ಇಂಥೋರ ಅಭಿಮಾನಿ ಡಿಸೆಂಬರ್ 25ಕ್ಕೆ ಮಧುಗಿರಿಯಿಂದ ಕೇಕ್ ತರೋದು ಮಾತ್ರ ತಪ್ಸಲ್ಲ. "ಯುಗಾದಿಗೆ ಎಣ್ಣೆನೀರು ಬ್ಯಾಡ, ಇದ್ಯಾವ ಹಬ್ಬನಪ್ಪ? ಆ ಕಡೆ ಸೇರ್ಕಂಡ್ಯಾ?" ಅಂತ ನಮ್ಮತ್ತೆ ಹೆದ್ರಿಕೊಂಡೇ ಕೇಳೋರು.

ಚರಿತ್ರೆ ನೋಡಿದ್ರೆ ತಮಾಷೆ ಐತೆ. ಈ ಹಬ್ಬ ಬೇಡ ಅಂದೋರು ಮೊದ್ಲು ನಾಸ್ತಿಕರಲ್ಲ, ಕಟ್ಟಾ ಕ್ರೈಸ್ತರು. ಬೈಬಲ್ಲಿನಲ್ಲಿ ಏಸು ಹುಟ್ಟಿದ ತಾರೀಕೇ ಇಲ್ಲ, ಇದೆಲ್ಲ ಬರೀ ತಿನ್ನೋದು ಕುಡಿಯೋದು ಅಂತ 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ಸನ್ನೇ ನಿಷೇಧ ಮಾಡಿತ್ತು. ಸ್ಕಾಟ್ಲೆಂಡಿನಲ್ಲಿ ಆ ದಿನ ಸರ್ಕಾರಿ ರಜೆ ಆಗಿದ್ದು 1958ರಲ್ಲಿ! ರಷ್ಯಾದಲ್ಲಿ ದೇವರೇ ಬೇಡ ಅಂದ ಕಮ್ಯುನಿಸ್ಟರು ಮೊದ್ಲು ಕ್ರಿಸ್‌ಮಸ್ ಗಿಡ ಕಿತ್ತಾಕಿದ್ರು. 1935ರ ಕೊನೆಗೆ ಅದೇ ಗಿಡನ ಹೊಸ ವರ್ಷದ್ದು ಅಂತ ಹೆಸರು ಬದ್ಲಾಯ್ಸಿ ವಾಪಸ್ ತಂದ್ರು. ಮಕ್ಕಳ ಮುಂದೆ ಯಾವ ಸಿದ್ಧಾಂತ ನಿಂತೀತು?

ನಮ್ಮ ಸೀಮೇಲಿ ವೆಸ್ಲಿಯನ್ ಮಿಷನ್ನೋರು 1837ರಲ್ಲೇ ಗುಬ್ಬಿಗೆ ಬಂದಿದ್ರು. ಆದ್ರೂ ನಮ್ಮಂಥ ಮನೆಗೆ ಕ್ರಿಸ್‌ಮಸ್ ಬಂದಿದ್ದು ಚರ್ಚಿನ ಬಾಗ್ಲಿಂದಲ್ಲ, ಬೇಕರಿ ಬಾಗ್ಲಿಂದ. ಹಾಸನದ ಕಡೆಯ ಅಯ್ಯಂಗಾರ್ರು 1898ರಲ್ಲಿ ಬೆಂಗಳೂರು ಚಿಕ್ಕಪೇಟೇಲಿ ಬಿ.ಬಿ. ಬೇಕರಿ ಇಟ್ರು. ಆಮೇಲೆ ಅವರ ಕಡೆಯೋರು ಊರೂರಿಗೂ ಹರಡಿದ್ರು. ದೊರೆಗಳ ಕೇಕು ಇವರ ಕೈಲಿ ಮೊಟ್ಟೆ ಬಿಡ್ತು, ಮಡಿಯೋರ ಮನೆಗೂ ಬಂತು.

ಇಷ್ಟೆಲ್ಲ ಓದಿದ ಮೇಲೂ ನಂಗೊಂದು ಮಾತು ಉಳೀತು. ಯುಗಾದಿ ಅಂದ್ರೆ ನಾನು ನಾಕ್ ಗಂಟೆಗೆ ಎದ್ದು ಸಾರಿಸಿ, ಬೇಳೆ ಬೇಯಿಸಿ, ಹೂರಣ ರುಬ್ಬಿ ಸೊಂಟ ಹಿಡ್ಕೊಳ್ಳೋದು. ಕ್ರಿಸ್‌ಮಸ್ಸಿಗೆ ಡಬ್ಬಿ ಬಿಚ್ಚಿದ್ರೆ ಮುಗೀತು. ಯಾವ ನೇಮ ಇಲ್ಲ, ಎಂಜಲು ಮುಸುರೆ ಅನ್ನಂಗಿಲ್ಲ. ಇದಕ್ಕೇ ಇವರಿಗೆ ಈ ಹಬ್ಬ ಹಿಡ್ಸೋದು ಅಂತ ನಾನಂದೆ. ನಕ್ರು, ಇಲ್ಲ ಅನ್ಲಿಲ್ಲ.

ಆದ್ರೆ ಆ ಹಗುರ ಹೊರಗಿನೋರಿಗೆ ಮಾತ್ರ. ಮಂಗಳೂರು ಕಡೆ ಕ್ರೈಸ್ತರ ಮನೇಲಿ ಹಬ್ಬಕ್ಕೆ ಮುಂಚೆ ಎಷ್ಟೋ ದಿನದಿಂದ ಕುಸ್ವಾರ್ ಮಾಡ್ತಾರೆ. ಅದ್ರಲ್ಲಿ ನೆವ್ರಿ ಅನ್ನೋದು ನಮ್ಮ ಕರ್ಜಿಕಾಯೇ. ಕಿಡಿಯೊ ಅನ್ನೋದನ್ನ ಒಂದೊಂದಾಗಿ ಕೈಲೇ ಸುತ್ತಿ ಸುತ್ತಿ ಕರೀಬೇಕು. ತಟ್ಟೆಗಟ್ಲೆ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚಬೇಕು, ಜಾತಿ ಧರ್ಮ ನೋಡದೆ. ಅಲ್ಲಿನ ಹೆಂಗಸ್ರಿಗೂ ಸೊಂಟ ಐತಲ್ಲ!

ಈ ಸಲ ಯುಗಾದಿ ಹೂರಣ ಮಿಕ್ಸಿಗೆ ಹಾಕೋದು ಅವರ ಕೆಲ್ಸ ಅಂತ ಹೇಳಿದೀನಿ. ಅದಕ್ಕೆ ದೇವರನ್ನ ನಂಬಬೇಕಾಗಿಲ್ಲ.