ಲೆಕ್ಕವನ್ನು ಓದುವವರಾರು? ಕಾನಹೊಸಹಳ್ಳಿ ಸೀಮೆಯಲ್ಲಿ ಮೊಬೈಲ್ ಪಾವತಿಯ ಅಂಗೀಕಾರ ಮತ್ತು ವಿಮುಖತೆ

ಚಿತ್ರದುರ್ಗದಿಂದ ಹೊಸಪೇಟೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಕಾನಹೊಸಹಳ್ಳಿಯು, ಮಳೆಯನ್ನೇ ನೆಚ್ಚಿ ಶೇಂಗಾ, ಮೆಕ್ಕೆಜೋಳ, ಜೋಳಗಳನ್ನು ಬೆಳೆಯುವ ಸುತ್ತಣ ಹಳ್ಳಿಗಳಿಗೆ ಬೀಜ, ಗೊಬ್ಬರ, ಕಿರಾಣಿಗಳನ್ನು ಒದಗಿಸುವ ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದೆ. ಇಂತಹ ಪೇಟೆಯಲ್ಲಿ ಹತ್ತು ರೂಪಾಯಿಯ ಚಹಕ್ಕೂ 'ಫೋನ್‌ಪೇ ಮಾಡ್ಲೇನ್ರಿ' ಎಂದು ಕೇಳುವವನೂ, ಮಡಿಸಿದ ನೋಟನ್ನೇ ಬಿಡಿಸಿ ಎಣಿಸಿ ಕೊಡುವವಳೂ ಒಂದೇ ಮನೆಯವರಾಗಿರುವುದುಂಟು. ಒಂದೇ ಮನೆಯೊಳಗಣ ಈ ಭೇದವು ಎಲ್ಲಿಂದ ಹುಟ್ಟಿತೆಂಬುದೇ ಪ್ರಸ್ತುತ ವಿಚಾರ.

ನೂತನ ಸಾಧನವೊಂದು ಉಪಯುಕ್ತವೂ ಸುಲಭವೂ ಆಗಿ ತೋರಿದರೆ ಜನರು ಅದನ್ನು ಅಂಗೀಕರಿಸುವರೆಂದು ಫ್ರೆಡ್ ಡೇವಿಸ್ 1989ರಲ್ಲಿ ಪ್ರತಿಪಾದಿಸಿದರು. ಅದೇ ವರ್ಷ ರಾಮ್ ಮತ್ತು ಜಗದೀಶ್ ಶೇಠ್ ಇವರು ನಿರಾಕರಣೆಯತ್ತ ದೃಷ್ಟಿ ಹೊರಳಿಸಿ, ಬಳಕೆ, ಮೌಲ್ಯ, ಅಪಾಯ, ಸಂಪ್ರದಾಯ, ವರ್ಚಸ್ಸುಗಳೆಂಬ ಐದು ತಡೆಗಳನ್ನು ಗುರುತಿಸಿದರು. ಎರಡೂ ಸಿದ್ಧಾಂತಗಳು ಬೆಲೆಯುಳ್ಳವೇ. ಆದರೆ ಎರಡೂ ಕಾರಣವನ್ನು ಬಹುಮಟ್ಟಿಗೆ ವ್ಯಕ್ತಿಯ ಮನಸ್ಸಿನಲ್ಲಿಯೇ ಅರಸುತ್ತವೆ. ನಗದಿಗೆ ಇಲ್ಲದಿರುವ ಒಂದು ಗುಣ ಮೊಬೈಲ್ ಪಾವತಿಗಿದೆ, ಅದು ಗುರುತನ್ನು ಉಳಿಸುತ್ತದೆ. ಆ ಗುರುತನ್ನು ಯಾರು ಓದುವರೆಂಬುದೇ ಈ ಸೀಮೆಯಲ್ಲಿ ನಿರ್ಣಾಯಕವೆಂದು ನನ್ನ ಅಭಿಪ್ರಾಯ.

ಇಂತಹ ಪಾವತಿಗೆ ತಳಹದಿಯಾದ ಯುಪಿಐ ವ್ಯವಸ್ಥೆಯು 2016ರ ಏಪ್ರಿಲಿನಲ್ಲಿ ಉದ್ಘಾಟಿತವಾಯಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯು ಜನರನ್ನು ಅದರತ್ತ ನೂಕಿತು. ಆದರೆ ನೋಟುಗಳು ಮರಳಿ ಬಂದ ಮೇಲೂ ರೂಢಿ ಉಳಿದದ್ದಕ್ಕೆ ಬೇರೆ ಕಾರಣಗಳುಂಟು. ಚಿಲ್ಲರೆಯ ಜಗಳ ತಪ್ಪಿತು. 2020ರ ಜನವರಿಯಿಂದ ವರ್ತಕನ ಮೇಲಿನ ಶುಲ್ಕ ಶೂನ್ಯವಾಯಿತು. ಬಂದ ಮೊತ್ತವನ್ನು ಕನ್ನಡದಲ್ಲಿಯೇ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯು ಅಕ್ಷರ ಬಾರದ ಅಂಗಡಿಯವನಿಗೂ ಭರವಸೆಯಿತ್ತಿತು. ಇವೆಲ್ಲಕ್ಕಿಂತ ಮಿಗಿಲಾದ ಕಾರಣ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಮಗನು ಊರಿನ ಅಂಗಡಿಯವನ ನಂಬರಿಗೆ ಹಣ ಹಾಕಿದರೆ, ತಾಯಿಯು ಅಲ್ಲಿಂದ ನಗದನ್ನೋ ಸಾಮಾನನ್ನೋ ಒಯ್ಯಬಹುದು. ಇಲ್ಲಿ ಗುರುತು ಮೂವರಿಗೂ ಬೇಕಾದುದು: ಕಳುಹಿದ್ದಕ್ಕೆ ಸಾಕ್ಷಿ, ಮುಟ್ಟಿದ್ದಕ್ಕೆ ಸಾಕ್ಷಿ. ಮದುವೆಯ ಮುಯ್ಯಿಯ ಮಾತೂ ಹೀಗೆಯೇ. ಯಾರು ಎಷ್ಟು ಓದಿಸಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದೆ ಅವರ ಮನೆಯ ಕಾರ್ಯಕ್ಕೆ ಹಿಂದಿರುಗಿಸುವ ಈ ಪದ್ಧತಿಗೆ ಲಿಖಿತ ಲೆಕ್ಕವೇ ಜೀವವಾದುದರಿಂದ, ನೂರಾ ಒಂದು ರೂಪಾಯಿ ಫೋನಿನಲ್ಲಿ ಬಂದರೆ ಸಂಪ್ರದಾಯಕ್ಕೆ ಭಂಗವೇನೂ ಆಗದು. ಸಂಪ್ರದಾಯವನ್ನು ಬರಿಯ ತಡೆಯೆಂದು ಎಣಿಸುವವರು ಇದನ್ನು ಗಮನಿಸತಕ್ಕದ್ದು.

ಲೆಕ್ಕವನ್ನು ಅನ್ಯರು ಓದತೊಡಗಿದಾಗ ಆಗುವುದೇ ಬೇರೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು, ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ, ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ರೂಪಾಯಿ ಮೀರಿದಂತೆ ಕಂಡ ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿದೊಡನೆ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ 'ನಗದು ಮಾತ್ರ' ಎಂಬ ಬರಹ ಕಾಣಿಸಿಕೊಂಡಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರೊಡನೆ ಸಭೆ ನಡೆಸಿ, ಹಳೆಯ ತೆರಿಗೆ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ಜಿಎಸ್‌ಟಿ ನೋಂದಣಿ ಮಾತ್ರ ಅವಶ್ಯವೆಂದೂ ತಿಳಿಸಬೇಕಾಯಿತು. ಆ ವಾರಗಳಲ್ಲಿ ತಂತ್ರವು ಕಠಿನವಾಗಲಿಲ್ಲ, ಗ್ರಾಹಕನ ಕೈಯ ಅಭ್ಯಾಸವೂ ತಪ್ಪಲಿಲ್ಲ. ಓದುಗನೊಬ್ಬನು ಹೊಸತಾಗಿ ಬಂದನು, ಅಷ್ಟೆ.

ಇತ್ತ ಒಕ್ಕಲಿಗನ ಅಂಜಿಕೆಯು ಬ್ಯಾಂಕಿನದು. ಖಾತೆಗೆ ಬಿದ್ದ ಹಣ ಹಳೆಯ ಸಾಲಕ್ಕೆ ಜಮೆಯಾದೀತೆಂಬ ಭಯವು ನಿರಾಧಾರವಲ್ಲ. ಬರ ಪರಿಹಾರವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಾರದೆಂದು 2024ರಲ್ಲಿ ಆಡಳಿತವೇ ಬ್ಯಾಂಕುಗಳಿಗೆ ಸೂಚಿಸಬೇಕಾಗಿ ಬಂದಿತ್ತು. ಅಲ್ಲದೆ, ಸುಗ್ಗಿಯ ಮೇಲೆ ತೀರುವ ಉದ್ರಿಯನ್ನು ಆಶ್ರಯಿಸಿ ಬಾಳುವವನಿಗೆ, ಈ ಕ್ಷಣದಲ್ಲಿಯೇ ಖಾತೆಯಲ್ಲಿ ಹಣವಿರಬೇಕೆನ್ನುವ ಪಾವತಿಯಿಂದ ಪ್ರಯೋಜನವಾದರೂ ಏನು? ಅಂಗಡಿಯವನ ಉದ್ರಿ ಪುಸ್ತಕವೂ ಒಂದು ದಾಖಲೆಯೇ. ಆದರೆ ಅದನ್ನು ಓದುವವನು ಮುಖಪರಿಚಯದವನು, ಮಳೆ ಕೈಕೊಟ್ಟರೆ ಮುಂದಿನ ಸುಗ್ಗಿಗೆ ಕಾಯತಕ್ಕವನು.

ಸ್ತ್ರೀಯರ ವಿಷಯವು ಇನ್ನೂ ಸೂಕ್ಷ್ಮವಾದುದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುವುದು ನಿಜ. ಆದರೆ ಆ ಖಾತೆಗೆ ಜೋಡಿಸಿದ ಫೋನು ಗಂಡನದೋ ಮಗನದೋ ಆಗಿರುವಲ್ಲಿ, ಆಕೆ ಮಾಡುವ ಪ್ರತಿಯೊಂದು ವೆಚ್ಚವೂ ಸಂದೇಶವಾಗಿ ಅವನ ಕಣ್ಣಿಗೆ ಬೀಳುವುದು. ಒಮ್ಮೆಗೇ ಬಿಡಿಸಿ ತಂದು ಸೆರಗಿನಲ್ಲಿ ಕಟ್ಟಿಕೊಂಡ ನೋಟಿಗೆ ಆ ಉಪದ್ರವವಿಲ್ಲ. ಆದುದರಿಂದ ಆಕೆಯ ನಿರಾಕರಣೆಯನ್ನು ಅಜ್ಞಾನವೆಂದು ಬಗೆದು ತರಬೇತಿ ಶಿಬಿರ ನಡೆಸುವುದು, ಕ್ಷಮೆಯಿರಲಿ, ರೋಗ ಬಿಟ್ಟು ಮದ್ದು ಅರೆದಂತೆ. 2022ರ ಮಾರ್ಚಿನಲ್ಲಿ ಬಂದ ಯುಪಿಐ 123ಪೇ ಗುಂಡಿಯ ಫೋನಿನವರಿಗೂ ದಾರಿ ತೆರೆಯಿತು, ಸಂತೋಷ. 2024ರಲ್ಲಿ ಬಂದ ಯುಪಿಐ ಸರ್ಕಲ್, ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಪಾವತಿಸಲು ಅನುವು ಮಾಡಿಕೊಟ್ಟಿತು. ಆದರೆ ಅಲ್ಲಿಯೂ ಮಿತಿಯನ್ನು ಗೊತ್ತುಪಡಿಸುವವನು, ಅಥವಾ ಒಂದೊಂದು ಪಾವತಿಗೂ ಒಪ್ಪಿಗೆ ಕೊಡುವವನು, ಖಾತೆಯ ಯಜಮಾನನೇ.